ಚರ್ಚ್ ಸೇವೆಗೆ ಸೇರ್ಬೇಕಾ? ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯವರಿಗೆ ಪೂರ್ತಿ ಮಾಹಿತಿ

ಸಂಗನಕಲ್ಲು: "ನಮ್ಮ ಹುಡುಗ ಚರ್ಚ್‌ನ್ಯಾಗ ಏನರ ಸೇವಾ ಮಾಡ್ತೀನಿ ಅಂತಾನ. ಯಾರನ್ನ ಕೇಳ್ಬೇಕಪ್ಪಾ?" ಊರಿನ ಒಬ್ಬ ತಾಯಿ ಬಸ್ ಸ್ಟಾಪಿನಲ್ಲಿ ನಿಲ್ಲಿಸಿ ಕೇಳಿದ ಪ್ರಶ್ನೆ ಇದು. ಆವತ್ತು ನನಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆಮೇಲೆ ಒಂದಿಷ್ಟು ಕೇಳಿ, ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಒಂದೇ ಕಡೆ ಹಾಕ್ತಿದ್ದೀನಿ.

ಈ ವಿಷಯ ಬರೆಯೋಕೆ ನನಗೂ ಒಂದು ಕಾರಣ ಇದೆ. ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಮ್ಮಜ್ಜಿ ಆಸ್ಪತ್ರೆ ಸೇರಿದ್ದಳು. ಮನೆಯಲ್ಲಿ ಓಡಾಡೋಕೆ ಇದ್ದವನು ನಾನೊಬ್ಬನೇ. ರಕ್ತ ಪರೀಕ್ಷೆಗೆ ಒಂದು ಕಡೆ, ಸ್ಕ್ಯಾನಿಂಗಿಗೆ ಇನ್ನೊಂದು ಕಡೆ, ಮಾತ್ರೆಗೆ ಮತ್ತೊಂದು ಕಡೆ ಕ್ಯೂ. ಮೂರನೇ ದಿನ ಪಕ್ಕದ ಬೆಡ್ ನೋಡೋಕೆ ಬಂದಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, "ತಮ್ಮಾ, ನೀ ಹೋಗಿ ಉಂಡು ಬಾ, ಅಜ್ಜಿ ಕಡೆ ನಾ ಕುಂದ್ರತೀನಿ" ಅಂದರು. ಮರುದಿನವೂ ಬಂದರು. ಅದರ ಮುಂದಿನ ವಾರವೂ ಬಂದರು. ಅವರು ಚರ್ಚ್‌ನ ರೋಗಿಗಳ ಭೇಟಿ ತಂಡದವರು ಅಂತ ಗೊತ್ತಾಗಿದ್ದು ಡಿಸ್ಚಾರ್ಜ್ ದಿನ. ನಾವು ಚರ್ಚಿನವರಲ್ಲ. ಅವರು ಅದನ್ನ ಕೇಳಲೂ ಇಲ್ಲ.

ಸೇವೆ ಅಂದ್ರೆ ಹಬ್ಬದ ದಿನ ಪೆಂಡಾಲ್ ಕಟ್ಟೋದು, ಅನ್ನ ಬಡಿಸೋದು ಅಂತ ನಾನು ಅಂದ್ಕೊಂಡಿದ್ದೆ. ಅದೂ ಬೇಕು. ಆದ್ರೆ ಅದಕ್ಕೆ ಜನ ಸಿಗ್ತಾರೆ. ಸಿಗದೇ ಇರೋದು ವಾರಕ್ಕೆ ಎರಡು ತಾಸು, ತಪ್ಪದೆ, ವರ್ಷಪೂರ್ತಿ ಬರೋರು.

ಧರ್ಮಕೇಂದ್ರ ಅಂದ್ರೇನು? ಯಾರು ನಡೆಸ್ತಾರೆ?

ಕಥೋಲಿಕರಲ್ಲಿ ಒಂದು ಚರ್ಚ್ ಮತ್ತು ಅದರ ವ್ಯಾಪ್ತಿಗೆ ಬರುವ ಬಡಾವಣೆ, ಹಳ್ಳಿಗಳನ್ನು ಸೇರಿಸಿ 'ಧರ್ಮಕೇಂದ್ರ' ಅಂತಾರೆ. ಅದರ ಹೊಣೆ ಧರ್ಮಗುರುಗಳದು. ಜನ ಮಾತಿನಲ್ಲಿ 'ಫಾದರ್' ಅಂತ ಕರೀತೀವಲ್ಲ, ಅವರೇ. ಇಂಥ ಧರ್ಮಕೇಂದ್ರಗಳೆಲ್ಲ ಸೇರಿ ಧರ್ಮಕ್ಷೇತ್ರ. ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆ ಆಗಿದ್ದು 1949ರ ಮಾರ್ಚ್ 10ರಂದು. ಇವತ್ತಿನ ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಜಿಲ್ಲೆಗಳು ಇದರೊಳಗೆ ಬರ್ತವೆ. ಧರ್ಮಾಧ್ಯಕ್ಷರು, ಅಂದ್ರೆ ಬಿಷಪ್ ಇರೋದು ಬಳ್ಳಾರಿಯಲ್ಲೇ.

ಫಾದರ್ ಒಬ್ಬರೇ ಎಲ್ಲ ತೀರ್ಮಾನ ಮಾಡ್ತಾರೆ ಅನ್ನೋದು ಪೂರ್ತಿ ನಿಜ ಅಲ್ಲ. 1983ರ ಚರ್ಚ್ ಕಾನೂನು ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಇದರ ಜೊತೆ ಪಾಲನಾ ಸಮಿತಿ ಅಂತ ಇನ್ನೊಂದು ಇರುತ್ತೆ. ಅದರಲ್ಲಿ ಸಾಮಾನ್ಯ ಭಕ್ತರೇ ಸದಸ್ಯರು. ಅವರದು ಸಲಹೆ ಕೊಡುವ ಅಧಿಕಾರ. ಹೊಸ ಸೇವೆ ಶುರು ಮಾಡ್ಬೇಕು ಅನ್ನೋರು ಪಾಲನಾ ಸಮಿತಿ ಸದಸ್ಯರ ಮೂಲಕ ವಿಷಯ ಎತ್ತಿದ್ರೆ ಕೆಲಸ ಬೇಗ ಆಗುತ್ತೆ.

ಸಿಎಸ್‌ಐ ಸಭೆಗಳ ವ್ಯವಸ್ಥೆ ಸ್ವಲ್ಪ ಬೇರೆ. ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ. ಅಲ್ಲಿ ಪಾಸ್ಟರು ಮತ್ತು ಪಾಸ್ಟರೇಟ್ ಕಮಿಟಿ ಹತ್ತಿರ ಮಾತಾಡಬೇಕು. ಮೆಥಡಿಸ್ಟ್, ಪೆಂಟೆಕೋಸ್ಟ್ ಸಭೆಗಳಲ್ಲೂ ಮೊದಲು ಕಾಣಬೇಕಾದವರು ಪಾಸ್ಟರನ್ನೇ.

ನಮ್ಮ ಕಡೆಗೆ ಇದೆಲ್ಲ ಹೊಸದೇನಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದು 1810ರಲ್ಲಿ. ಪೂರ್ತಿ ಕನ್ನಡ ಬೈಬಲ್ ಬಳ್ಳಾರಿಯಲ್ಲೇ ಅಚ್ಚಾಗಿ 1831ರಲ್ಲಿ ಹೊರಬಂತು. ವಾರ್ಡ್ಲಾ ಶಾಲೆ ಶುರುವಾಗಿದ್ದು 1846ರಲ್ಲಿ. ಆ ಶಾಲೆಯಲ್ಲಿ ಓದಿದವರಲ್ಲಿ ಚರ್ಚಿಗೆ ಹೋಗದವರೇ ಹೆಚ್ಚು. ಚರ್ಚಿನ ಗೋಡೆ ದಾಟಿದ ಸೇವೆಗೆ ಈ ಜಿಲ್ಲೆಯಲ್ಲಿ ಇನ್ನೂರು ವರ್ಷದ ಹಿನ್ನೆಲೆ ಇದೆ.

ಚರ್ಚ್ ಒಳಗಿನ ಸೇವೆಗಳು

ಇವು ಆರಾಧನೆಗೆ ಸಂಬಂಧಪಟ್ಟವು. ಹಾಗಾಗಿ ಸಾಮಾನ್ಯವಾಗಿ ಆ ಸಭೆಯ ಸದಸ್ಯರಿಗೇ ಕೊಡ್ತಾರೆ.

- ವಾಚಕರು: ಬಲಿಪೂಜೆಯಲ್ಲಿ ಬೈಬಲ್ ವಾಚನ ಓದೋರು. ಕನ್ನಡ ಸ್ಪಷ್ಟ ಇರಬೇಕು, ಹಿಂದಿನ ದಿನವೇ ಓದಿಕೊಂಡು ಬರಬೇಕು.
- ಗಾಯನ ವೃಂದ: ಹಾಡೋರು, ಕೀಬೋರ್ಡ್, ತಬಲಾ ನುಡಿಸೋರು. ವಾರಕ್ಕೆ ಒಂದು ಸಂಜೆ ಪ್ರಾಕ್ಟೀಸ್ ಇದ್ದೇ ಇರುತ್ತೆ.
- ಪೀಠ ಸೇವಕರು: ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಮಕ್ಕಳು.
- ಧರ್ಮೋಪದೇಶ ಶಿಕ್ಷಕರು: ಭಾನುವಾರ ಮಕ್ಕಳಿಗೆ ಪಾಠ ಹೇಳೋರು. ಸಿಎಸ್‌ಐ ಕಡೆ ಇದಕ್ಕೆ ಸಂಡೇ ಸ್ಕೂಲ್ ಅಂತಾರೆ.
- ಸ್ವಚ್ಛತೆ, ಹೂವಿನ ಅಲಂಕಾರ, ಮೈಕ್, ಪಾರ್ಕಿಂಗ್: ಯಾರ ಕಣ್ಣಿಗೂ ಬೀಳದ ಕೆಲಸ. ಹೊಸಬರು ಎಲ್ಲರ ಪರಿಚಯ ಮಾಡಿಕೊಳ್ಳೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಚರ್ಚ್ ಹೊರಗಿನ ಸೇವೆಗಳು

ಎಲ್ಲ ಚರ್ಚ್‌ಗಳಲ್ಲೂ ಇವೆಲ್ಲ ಇರಲ್ಲ. ನಿಮ್ಮಲ್ಲಿ ಯಾವುದಿದೆ ಕೇಳಿ. ಇಲ್ಲದಿದ್ದರೆ ಒಂದನ್ನು ಶುರು ಮಾಡಿ.

*ಆಸ್ಪತ್ರೆ ಭೇಟಿ.* ಬಳ್ಳಾರಿಗೆ ಇದು ಎಲ್ಲಕ್ಕಿಂತ ಮುಖ್ಯ. ವಿಮ್ಸ್‌ಗೆ (ಈಗಿನ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ) ನಮ್ಮ ತಾಲೂಕುಗಳಿಂದ ಮಾತ್ರ ಅಲ್ಲ, ಆಂಧ್ರದ ಗಡಿ ಹಳ್ಳಿಗಳಿಂದಲೂ ರೋಗಿಗಳು ಬರ್ತಾರೆ. ಬೋರ್ಡ್ ಓದೋಕೆ ಬರದವರು, ಕನ್ನಡ ಬರದವರು ಇರ್ತಾರೆ. ಒಪಿಡಿ ಚೀಟಿ ಮಾಡಿಸೋದು, ಲ್ಯಾಬ್ ಎಲ್ಲಿದೆ ತೋರಿಸೋದು, ಆಯುಷ್ಮಾನ್ ಕಾರ್ಡ್ ವಿಷಯ ಎಲ್ಲಿ ಕೇಳಬೇಕು ಹೇಳೋದು, ಇಷ್ಟೇ ಕೆಲಸ. ತೆಲುಗು ಬರುವ ಬಳ್ಳಾರಿ ಹುಡುಗರಿಗೆ ಇಲ್ಲಿ ಭಾರಿ ಬೇಡಿಕೆ. ಒಂದು ಮಾತು ನೆನಪಿಡಿ: ಔಷಧಿ ಬಗ್ಗೆ ಸಲಹೆ ಕೊಡಬಾರದು, ಡಾಕ್ಟರ್ ಹೇಳಿದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳಬಹುದು ಅಷ್ಟೇ. ವಾರ್ಡಿನೊಳಗೆ ಹೋಗೋ ಮುಂಚೆ ಅಲ್ಲಿನ ನರ್ಸ್ ಅಕ್ಕನವರ ಒಪ್ಪಿಗೆ ಬೇಕು.

*ಮನೆ ಭೇಟಿ.* ಕಥೋಲಿಕ ಚರ್ಚ್‌ಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಅನ್ನೋ ತಂಡದ ಹೆಸರು ಕೇಳಿರ್ತೀರಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಶುರು ಮಾಡಿದ್ದು. ಇವರ ಪದ್ಧತಿ ಸರಳ. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗ್ತಾರೆ, ಏನು ಬೇಕೋ ವಿಚಾರಿಸ್ತಾರೆ, ತಮ್ಮ ಸಭೆಯಲ್ಲಿ ಚರ್ಚೆ ಮಾಡಿ ಅಕ್ಕಿಯೋ ಮಾತ್ರೆಯೋ ಶಾಲೆ ಫೀಜೋ ಹೊಂದಿಸ್ತಾರೆ. ಯಾರಿಗೆ ಏನು ಕೊಟ್ಟರು ಅಂತ ಹೊರಗೆ ಹೇಳಲ್ಲ. ಒಂಟಿಯಾಗಿರುವ ವಯಸ್ಸಾದವರಿಗೆ ಅಕ್ಕಿಗಿಂತ ಮಾತಾಡೋರು ಬೇಕಾಗಿರ್ತಾರೆ.

*ಅರ್ಜಿ ತುಂಬಿಸೋದು.* ಓದು ಅರ್ಧಕ್ಕೆ ಬಿಟ್ಟವರೂ ಮಾಡಬಹುದಾದ ಸೇವೆ, ನನ್ನನ್ನೇ ತಗೊಳ್ಳಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ಯುಡಿಐಡಿ ಕಾರ್ಡ್, ರೇಷನ್ ಕಾರ್ಡಿನ ಇ-ಕೆವೈಸಿ, ಗೃಹಲಕ್ಷ್ಮಿ ಹಣ ನಿಂತಿದ್ದರೆ ವಿಚಾರಣೆ. ಒಂದು ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು ಥರ, ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ ಇದ್ರೆ ಅಜ್ಜಿ ನಾಡಕಚೇರಿಗೆ ತಿಂಗಳುಗಟ್ಟಲೆ ಅಲೀತಾಳೆ. ಜೊತೆಗೆ ಒಬ್ಬರು ಹೋದ್ರೆ ಏನು ತಪ್ಪಾಗಿದೆ ಅನ್ನೋದು ಮೊದಲ ದಿನವೇ ಗೊತ್ತಾಗುತ್ತೆ.

*ಸಂಜೆ ಪಾಠ.* ಸುಗ್ಗಿ ಮುಗಿದ ಮೇಲೆ ನಮ್ಮ ಭಾಗದ ಎಷ್ಟೋ ಕುಟುಂಬಗಳು ಬೆಂಗಳೂರು ಕಡೆ ಗುಳೆ ಹೋಗ್ತವೆ. ಮಕ್ಕಳು ಅಜ್ಜ ಅಜ್ಜಿ ಹತ್ತಿರ ಉಳೀತಾರೆ. ಬಳ್ಳಾರಿ ಸಿಟಿಯಲ್ಲಿ ಜೀನ್ಸ್ ಹೊಲಿಯೋ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ರಾತ್ರಿವರೆಗೆ ಮಷಿನ್ ಮೇಲಿರ್ತಾರೆ. ಇಂಥ ಮಕ್ಕಳಿಗೆ ಸಂಜೆ 6ರಿಂದ 8 ಕೂತು ಓದೋಕೆ ಲೈಟ್ ಇರುವ ಒಂದು ಹಾಲ್, ಲೆಕ್ಕ ಹೇಳಿಕೊಡೋಕೆ ಒಬ್ಬ ಅಣ್ಣ ಅಥವಾ ಅಕ್ಕ ಇದ್ರೆ ಸಾಕು. ಹಾಲ್ ಚರ್ಚ್ ಹತ್ತಿರ ಇದೆ. ಬೇಕಿರೋದು ಅಣ್ಣ, ಅಕ್ಕ.

*ರಕ್ತದಾನ.* 18ರಿಂದ 65 ವಯಸ್ಸು, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ವರ್ಷಕ್ಕೊಂದು ಕ್ಯಾಂಪ್ ಮಾಡಿ ಬ್ಯಾನರ್ ಹಾಕೋದಕ್ಕಿಂತ, ರಕ್ತದ ಗುಂಪಿನ ಪ್ರಕಾರ ಹೆಸರು, ಫೋನ್ ನಂಬರ್ ಪಟ್ಟಿ ಇಟ್ಟುಕೊಂಡು ರಾತ್ರಿ ಫೋನ್ ಬಂದಾಗ ಎದ್ದು ಹೋಗೋರು ಹತ್ತು ಜನ ಇರೋದು ಮೇಲು.

*ಕ್ಷಯ ರೋಗಿಗಳಿಗೆ ಆಸರೆ.* ಸಾಮಾನ್ಯ ಟಿಬಿಗೆ ಕನಿಷ್ಠ ಆರು ತಿಂಗಳು ಮಾತ್ರೆ ತಪ್ಪಿಸುವಂತಿಲ್ಲ. ಎರಡು ತಿಂಗಳಿಗೆ ಕೆಮ್ಮು ಕಮ್ಮಿ ಆಯ್ತು ಅಂತ ಬಿಟ್ಟುಬಿಡೋರೇ ಜಾಸ್ತಿ ತೊಂದರೆಗೆ ಸಿಗ್ತಾರೆ. 2022ರಲ್ಲಿ ಶುರುವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ವ್ಯಕ್ತಿಗಳು, ಸಂಘ ಸಂಸ್ಥೆಗಳು ರೋಗಿಗಳಿಗೆ ಪೌಷ್ಟಿಕ ಆಹಾರದ ಕಿಟ್ ಕೊಡೋಕೆ ಹೆಸರು ನೋಂದಾಯಿಸಬಹುದು. ಚರ್ಚ್ ತಂಡವೂ ಸೇರಬಹುದು. ರೋಗಿ ಒಪ್ಪಿದರೆ ಮಾತ್ರ ಅವರ ಮನೆಗೆ ಹೋಗಬೇಕು. ಬೀದಿಗೆಲ್ಲ ಗೊತ್ತಾಗುವಂತೆ ಹೋಗಬಾರದು.

*ಮದ್ಯ ಬಿಡಿಸೋ ಸಭೆಗಳು.* ಎ.ಎ. ಅಂತ ಕರೆಯುವ ಗುಂಪುಗಳು ಎಷ್ಟೋ ಊರುಗಳಲ್ಲಿ ಚರ್ಚ್ ಆವರಣದ ಕೋಣೆಯಲ್ಲೇ ಸೇರ್ತವೆ. ಅದು ಚರ್ಚಿನ ಸಂಘಟನೆ ಅಲ್ಲ, ಕುಡಿತ ಬಿಟ್ಟವರೇ ನಡೆಸೋದು. ನಮ್ಮ ಸೇವೆ ಅಂದ್ರೆ ಕೋಣೆ ಬಾಗಿಲು ತೆಗೆದು, ಚಾ ಇಟ್ಟು, ಹೊರಗೆ ಬಂದು ಅಲ್ಲಿ ಯಾರಿದ್ದರು ಅಂತ ಬಾಯಿ ಬಿಡದೇ ಇರೋದು.

*ಕೊನೆಯ ಯಾತ್ರೆ.* 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಶವಗಳನ್ನು ಗುಂಡಿಗೆ ಎಸೆದ ವಿಡಿಯೊ ದೇಶ ಪೂರ್ತಿ ನೋಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಅದೇ ವರ್ಷ ಬೆಂಗಳೂರಿನಲ್ಲಿ ಅಲ್ಲಿನ ಮಹಾಧರ್ಮಕ್ಷೇತ್ರದ 'ಮರ್ಸಿ ಏಂಜಲ್ಸ್' ಸ್ವಯಂಸೇವಕರು ಪಿಪಿಇ ಕಿಟ್ ಹಾಕ್ಕೊಂಡು ಜಾತಿ ಧರ್ಮ ನೋಡದೆ ಶವಗಳಿಗೆ ಮರ್ಯಾದೆಯಿಂದ ಸಂಸ್ಕಾರ ಮಾಡಿದರು. ಅಷ್ಟು ದೊಡ್ಡ ಕಷ್ಟ ಬರದಿದ್ದರೂ, ಹೆಣ ಹೊರೋಕೆ ನಾಲ್ಕು ಜನ ಇಲ್ಲದ ಮನೆಗಳು ಈಗಲೂ ಇವೆ. ಅಂಥ ಕರೆಗೆ ಓಗೊಡುವ ಒಂದು ಸಣ್ಣ ತಂಡ ಪ್ರತಿ ಚರ್ಚ್‌ನಲ್ಲಿ ಇರಬೇಕು.

ಹಳ್ಳಿಯಲ್ಲಿದ್ದೀನಿ, ಚರ್ಚ್ ದೂರ. ಏನ್ಮಾಡ್ಲಿ?

ಸಂಗನಕಲ್ಲಿನವರಿಗೆ ಬಳ್ಳಾರಿ ಪಕ್ಕದಲ್ಲೇ ಇದೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಯವರಿಗೆ ವಾರವಾರ ಸಿಟಿಗೆ ಬರೋದು ಕಷ್ಟ, ಬಸ್ ಚಾರ್ಜು, ಅರ್ಧ ದಿನದ ಕೂಲಿ ಎರಡೂ ಹೋಗುತ್ತೆ. ಹಾಗಾಗಿ ಅಲ್ಲೇ ಮಾಡುವ ಕೆಲಸ ಹಿಡೀರಿ.

ದೊಡ್ಡ ಧರ್ಮಕೇಂದ್ರಗಳನ್ನು 'ಕಿರು ಕ್ರೈಸ್ತ ಸಮುದಾಯ'ಗಳಾಗಿ ವಿಂಗಡಿಸಿರ್ತಾರೆ. ಒಂದು ಓಣಿಯ ಒಂದಿಷ್ಟು ಮನೆ ಸೇರಿ ಒಂದು ಗುಂಪು. ಮೊದಲು ಆ ಗುಂಪಿನ ಮುಖಂಡರನ್ನ ಕಾಣಿ. ಹಳ್ಳಿಯಿಂದ ವಿಮ್ಸ್‌ಗೆ ಹೊರಟವರ ಹೆಸರನ್ನು ಸಿಟಿ ತಂಡಕ್ಕೆ ಫೋನ್ ಮಾಡಿ ತಿಳಿಸೋ ಒಬ್ಬರು ಇದ್ರೆ ಅರ್ಧ ಕೆಲಸ ಆದಂಗೆ. ಗದ್ದೆ ನಾಟಿ, ಮೆಣಸಿನಕಾಯಿ ಬಿಡಿಸೋ ದಿನಗಳಲ್ಲಿ ಯಾರಿಗೂ ಬಿಡುವಿರಲ್ಲ. ಕ್ಯಾಂಪ್, ಸಭೆಗಳನ್ನು ಆ ದಿನ ಬಿಟ್ಟು ಇಟ್ಟುಕೊಳ್ಳಿ.

ರಸ್ತೆಯಲ್ಲಿ ಅಪಘಾತ ಕಂಡ್ರೆ ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ, ಗಾಯಾಳುವಿಗೆ ಒಳ್ಳೇ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತೆ.

ಕ್ರೈಸ್ತರಲ್ಲದವರು ಸೇರಬಹುದಾ?

ಆರಾಧನೆಯ ಕೆಲಸ ಬಿಟ್ಟು ಉಳಿದ ಸೇವೆಗಳಿಗೆ ಖಂಡಿತ ಕೇಳಬಹುದು. ಪಾಠ ಹೇಳೋಕೆ, ರಕ್ತ ಕೊಡೋಕೆ, ಅರ್ಜಿ ತುಂಬೋಕೆ ಧರ್ಮ ಅಡ್ಡ ಬರಲ್ಲ. "ನಾನು ಚರ್ಚಿಗೆ ಬರೋನಲ್ಲ, ಆದ್ರೆ ಶನಿವಾರ ಸಂಜೆ ಎರಡು ತಾಸು ಕೊಡ್ತೀನಿ" ಅಂತ ನೇರವಾಗಿ ಹೇಳಿ.

ಸೇರೋದು ಹೇಗೆ? ಐದು ಹೆಜ್ಜೆ

1. ಭಾನುವಾರ ಆರಾಧನೆ ಮುಗಿದ ತಕ್ಷಣ ಫಾದರ್ ಸುತ್ತ ಜನ ಇರ್ತಾರೆ. ವಾರದ ದಿನ ಚರ್ಚ್ ಆಫೀಸ್ ತೆಗೆಯೋ ಸಮಯ ಕೇಳಿಕೊಂಡು ಹೋಗಿ.
2. "ಏನಾದ್ರೂ ಕೆಲಸ ಕೊಡ್ರಿ" ಅನ್ನಬೇಡಿ. ಯಾವ ದಿನ, ಎಷ್ಟು ತಾಸು, ಏನು ಬರುತ್ತೆ ಅಂತ ಹೇಳಿ. ಟೈಪಿಂಗ್, ಬೈಕ್ ಓಡಿಸೋದು, ತೆಲುಗು, ಹೊಲಿಗೆ, ಅಡುಗೆ, ಎಲೆಕ್ಟ್ರಿಕ್ ಕೆಲಸ ಎಲ್ಲಾ ಉಪಯೋಗಕ್ಕೆ ಬರುತ್ತೆ.
3. ಆಧಾರ್ ಜೆರಾಕ್ಸ್, ಪರಿಚಯದ ಒಬ್ಬರ ಹೆಸರು ಕೇಳಿದ್ರೆ ಬೇಜಾರಾಗಬೇಡಿ. ಕೇಳೋದು ಒಳ್ಳೆಯದು.
4. ಮೊದಲ ತಿಂಗಳು ಹಳಬರ ಜೊತೆಯಲ್ಲೇ ಹೋಗಿ. ಒಬ್ಬರೇ ಹೋಗಬೇಡಿ.
5. ಮೂರು ತಿಂಗಳಿಗೆ ಮಾತ್ರ ಒಪ್ಪಿಕೊಳ್ಳಿ. ಆಮೇಲೆ ಆಗುತ್ತೋ ಇಲ್ಲವೋ ನೋಡಿ ಮುಂದುವರಿಸಿ.

ಈ ನಾಲ್ಕು ವಿಷಯದಲ್ಲಿ ತಪ್ಪು ಮಾಡಬೇಡಿ

*ಮಕ್ಕಳು.* ಮಕ್ಕಳ ಜೊತೆ ಕೆಲಸ ಮಾಡೋವಾಗ ಯಾವತ್ತೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆಗೆದಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸೋದು ಕಡ್ಡಾಯ. ತಿಳಿಸದಿದ್ದರೆ ಅದೇ ಅಪರಾಧ. ಆರೋಪ ಇರೋದು ಎಷ್ಟೇ ದೊಡ್ಡ ಸ್ಥಾನದವರ ಮೇಲಾಗಲಿ, "ಒಳಗೇ ಮಾತಾಡಿ ಬಗೆಹರಿಸೋಣ" ಅನ್ನೋ ಮಾತಿಗೆ ಒಪ್ಪಬೇಡಿ. ಮಕ್ಕಳ ಸಹಾಯವಾಣಿ 1098. ತುರ್ತಿಗೆ 112. ಹಿರಿಯರ ಸಹಾಯವಾಣಿ 14567.

*ದುಡ್ಡು.* ನಿಮ್ಮ ಸ್ವಂತ ಫೋನ್‌ಪೇಗೆ ದೇಣಿಗೆ ಹಾಕಿಸಿಕೊಳ್ಳಬೇಡಿ. ಹತ್ತು ರೂಪಾಯಿ ಆದ್ರೂ ರಸೀದಿ ಇರಲಿ. ದುಬೈ, ಅಮೆರಿಕದಲ್ಲಿರೋ ಗೆಳೆಯರ ಪರಿಚಯದಿಂದ ಅಲ್ಲಿನ ಸಂಘ ಸಂಸ್ಥೆ ದುಡ್ಡು ಕಳಿಸ್ತೀನಿ ಅಂದ್ರೆ ಅದಕ್ಕೆ ವಿದೇಶಿ ದೇಣಿಗೆ ಕಾಯ್ದೆ ಇದೆ. ನೋಂದಣಿ ಇರುವ ಸಂಸ್ಥೆ, ಅದಕ್ಕೇ ಮೀಸಲಾದ ಖಾತೆ ಇಲ್ಲದೆ ತಗೊಳ್ಳುವಂತಿಲ್ಲ.

*ಧರ್ಮದ ಮಾತು.* ನೆರವು ಕೊಡೋ ಮನೆಯಲ್ಲಿ ಚರ್ಚಿಗೆ ಬನ್ನಿ ಅನ್ನಬಾರದು. ಕಷ್ಟದಲ್ಲಿರೋರು ನಮ್ಮ ಮುಂದೆ 'ಇಲ್ಲ' ಅನ್ನೋಕೆ ಆಗಲ್ಲ, ಅದಕ್ಕೇ ಕೇಳಬಾರದು. ಮತಾಂತರದ ಹೆಸರಿನಲ್ಲಿ ಈ ರಾಜ್ಯದಲ್ಲಿ ಏನೇನು ಗಲಾಟೆ ಆಗಿದೆ ಎಲ್ಲರಿಗೂ ಗೊತ್ತು. 2022ರಲ್ಲಿ ಇದಕ್ಕೇ ಒಂದು ಕಾಯ್ದೆ ಬಂತು, ಅದನ್ನು ವಾಪಸ್ ಪಡೆಯೋಕೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ಕಾಯ್ದೆ ಇರಲಿ ಬಿಡಲಿ, ಒಂದು ಕೆ.ಜಿ. ಅಕ್ಕಿ ಜೊತೆ ಒಂದು ಷರತ್ತು ಕೊಟ್ರೆ ಅದು ಸೇವೆ ಅನ್ನಿಸಿಕೊಳ್ಳಲ್ಲ.

*ಫೋಟೊ.* ಕಿಟ್ ಕೊಡೋವಾಗ ತಗೊಳ್ಳೋರ ಮುಖ ಸ್ಟೇಟಸ್‌ಗೆ ಹಾಕಬೇಡಿ. ವರದಿಗಾರನಾಗಿ ನನಗೂ ಇಂಥ ಫೋಟೊ ದಿನಾ ಬರ್ತವೆ. ಅವುಗಳಲ್ಲಿ ಕೊಡೋರೆಲ್ಲ ಕ್ಯಾಮೆರಾ ನೋಡ್ತಿರ್ತಾರೆ, ತಗೊಳ್ಳೋರು ನೆಲ ನೋಡ್ತಿರ್ತಾರೆ.

ಯಾವಾಗ ಜನ ಬೇಕಾಗ್ತಾರೆ?

- ಫೆಬ್ರುವರಿ 11: ವಿಶ್ವ ರೋಗಿಗಳ ದಿನ. ಆಸ್ಪತ್ರೆ ಭೇಟಿ ತಂಡಕ್ಕೆ ಸೇರೋಕೆ ಒಳ್ಳೆ ಸಮಯ.
- ತಪಸ್ಸುಕಾಲದ 40 ದಿನ: ಉಪವಾಸದಲ್ಲಿ ಉಳಿಸಿದ್ದನ್ನು ಬಡವರಿಗೆ ಕೊಡುವ ಕಾಲ. ಬಳ್ಳಾರಿಯ ಬೇಸಿಗೆ ಶುರುವಾಗೋದೂ ಆಗಲೇ, ಕುಡಿಯುವ ನೀರಿನ ಅರವಟ್ಟಿಗೆಗೆ ಜನ ಬೇಕು.
- ಏಪ್ರಿಲ್, ಮೇ: ಮಕ್ಕಳ ರಜೆ ಶಿಬಿರ.
- ಜೂನ್ 13: ಸಂತ ಅಂತೋಣಿಯವರ ಹಬ್ಬ. ಬಡವರಿಗೆ ರೊಟ್ಟಿ ಹಂಚುವ ಹಳೇ ಪದ್ಧತಿ ಇವರ ಹೆಸರಿನಲ್ಲೇ ಇದೆ. ಶಾಲೆ ಶುರುವಾಗೋ ತಿಂಗಳು ಬೇರೆ, ನೋಟ್‌ಬುಕ್ ಸಂಗ್ರಹ ನಡೆಸಬಹುದು.
- ಸೆಪ್ಟೆಂಬರ್ 27: ಸಂತ ವಿನ್ಸೆಂಟರ ಹಬ್ಬ.
- ನವೆಂಬರ್: ವಿಶ್ವ ಬಡವರ ದಿನ. ಪೋಪ್ ಫ್ರಾನ್ಸಿಸ್ ಕರೆಯಂತೆ 2017ರಿಂದ ನಡೀತಿದೆ.
- ಡಿಸೆಂಬರ್: ಕ್ರಿಸ್ಮಸ್. ಎಲ್ಲರೂ ಬರ್ತಾರೆ, ನೀವು ಬರದಿದ್ರೂ ನಡೆಯುತ್ತೆ.
- ಜನವರಿ: ಯಾರೂ ಬರಲ್ಲ. ನೀವು ಆಗ ಬನ್ನಿ.

ಕೊನೆಯದಾಗಿ

ಸೇವೆಗೆ ಸೇರಿದವರು ಬಿಟ್ಟುಹೋಗೋಕೆ ಸಾಮಾನ್ಯ ಕಾರಣ ಮೂರು. ಮೊದಲ ವಾರವೇ ಎಲ್ಲ ಕೆಲಸಕ್ಕೂ ಕೈ ಹಾಕಿ ಸುಸ್ತಾಗ್ತಾರೆ. ಸಮಿತಿಯ ಒಳಜಗಳದಲ್ಲಿ ಸಿಕ್ಕಿಹಾಕ್ಕೊಳ್ತಾರೆ. ಇಲ್ಲಾಂದ್ರೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ ಅಂತ ಬೇಜಾರಾಗ್ತಾರೆ. ಮೂರಕ್ಕೂ ಮದ್ದು ಒಂದೇ: ಒಬ್ಬ ಮನುಷ್ಯ ಅಥವಾ ಒಂದು ಮನೆ ಆರಿಸಿಕೊಂಡು ಅಷ್ಟನ್ನೇ ತಪ್ಪದೆ ಮಾಡೋದು.

ನಮ್ಮಜ್ಜಿ ಹತ್ತಿರ ಕೂತವರಿಗೆ ಆವತ್ತು ನಾನೂ ಸರಿಯಾಗಿ ಥ್ಯಾಂಕ್ಸ್ ಹೇಳಿರಲಿಲ್ಲ. ಹೆಸರು ಕೇಳಿಕೊಳ್ಳೋದೂ ಮರೆತಿದ್ದೆ. ಅಜ್ಜಿ ಈಗಿಲ್ಲ. ಆದ್ರೆ ಇರೋತನಕ "ಆ ಯಪ್ಪ ಬಂದಿದ್ನಲ್ಲ, ಅಂವ ಚಲೋ ಮನುಷ್ಯ" ಅಂತ ಹೇಳ್ತಾನೇ ಇದ್ದಳು. ಬಸ್ ಸ್ಟಾಪಿನಲ್ಲಿ ಕೇಳಿದ ಆ ತಾಯಿಗೆ ನನ್ನ ಉತ್ತರ ಇಷ್ಟು: ಅಮ್ಮಾ, ಈ ವಾರ ಚರ್ಚ್ ಆಫೀಸಿಗೆ ಹುಡುಗನನ್ನ ಕಳಿಸ್ರಿ. ಶನಿವಾರ ಸಂಜೆ ಬಿಡುವು ಐತಿ ಅಂತ ಹೇಳ್ಲಿ. ಉಳಿದದ್ದು ಅವರು ಹೇಳ್ತಾರ.